ರಾಕೆಟ್ ಮೇಲಕ್ಕೆ ಹೋಗುತ್ತೆ ಬಿಡಿ, ವಾಪಸ್ ತರೋದು ಹೇಗೆ ಅಂತ ನೋಡೋಣ

ಹತ್ತು ಸಾವಿರ ಅಡಿಗೆ ರಾಕೆಟ್ ಹಾರಿಸ್ಬೇಕು ಅಂತ ಬರೋರು ಮೊದಲು ಕೇಳೋದೇ ಯಾವ ಮೋಟಾರ್ ಹಾಕ್ಲಿ ಅಂತ. ಮೋಟಾರ್ ದುಡ್ಡು ಕೊಟ್ರೆ ಸಿಗುತ್ತೆ ಸ್ವಾಮಿ, ಅದು ಉರಿಯೋದು ಕೆಲವೇ ಸೆಕೆಂಡು, ಆಮೇಲಿಂದೆಲ್ಲಾ ಪ್ಯಾರಾಚೂಟು, ಹಗ್ಗ, ಬ್ಯಾಟರಿ, ಸ್ಕ್ರೂಗಳ ಕೆಲಸ. ನಾನು ಇರೋದು ಕ್ಯಾಲಿಫೋರ್ನಿಯಾ, ಹಾರಿಸೋದು ನೆವಾಡದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ, ಆದ್ದರಿಂದ ಇಲ್ಲಿ ಹೇಳೋ ರೂಲ್ಸೆಲ್ಲಾ ಅಮೆರಿಕದ್ದು. ಪಟಾಕಿ ಬಿಚ್ಚಿ ಮದ್ದು ತೆಗೆದು ಮನೇಲೇ ಮೋಟಾರ್ ಮಾಡೋಣ ಅನ್ನೋ ಐಡಿಯಾ ಇದ್ರೆ ದಯವಿಟ್ಟು ಇಲ್ಲೇ ಬಿಟ್ಬಿಡಿ.

ಮೊದಲು ಕ್ಲಬ್ ಸೇರಿ. ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಇದೆ, ಟ್ರಿಪೋಲಿ ರಾಕೆಟ್ರಿ ಅಸೋಸಿಯೇಷನ್ ಇದೆ, ಯಾವ್ದಾದ್ರೂ ಸರಿ. ಸರ್ಟಿಫಿಕೇಟ್ ಕೊಡೋದು ಅವರೇ, ಅದಕ್ಕೆ ಮೂರು ಲೆವೆಲ್. ಲೆವೆಲ್ 1ಕ್ಕೆ ಎಚ್ ಅಥವಾ ಐ ಮೋಟಾರ್, ಲೆವೆಲ್ 2ಕ್ಕೆ ಒಂದು ರಿಟನ್ ಟೆಸ್ಟ್ ಬರೆದು ಜೆ, ಕೆ, ಎಲ್, ಲೆವೆಲ್ 3 ಆದ್ಮೇಲೆ ಎಮ್ ಮತ್ತು ಅದಕ್ಕಿಂತ ದೊಡ್ಡದು. ಒಂದೊಂದು ಅಕ್ಷರಕ್ಕೂ ಮೋಟಾರಿನ ತಾಕತ್ತು ಡಬಲ್. ಇಂಧನ 125 ಗ್ರಾಂ ದಾಟಿದ್ರೆ ಅಥವಾ ಒಟ್ಟು ತೂಕ 1,500 ಗ್ರಾಂ ಮೀರಿದ್ರೆ ಎಫ್‌ಎಎ, ಅಂದ್ರೆ ಅಮೆರಿಕದ ವಿಮಾನಯಾನ ಇಲಾಖೆಯ ಅನುಮತಿ ಬೇಕು, ಅದನ್ನ ಕ್ಲಬ್ಬಿನೋರೇ ಆ ಜಾಗಕ್ಕೆ ತಗೊಂಡಿರ್ತಾರೆ. ಇನ್ನೊಂದು ವಿಷಯ, ರಾಕೆಟ್ ಎಷ್ಟೇ ಚೆನ್ನಾಗಿ ಹಾರ್ಲಿ, ಮತ್ತೆ ಹಾರಿಸೋ ಸ್ಥಿತಿಯಲ್ಲಿ ತಂದು ತೋರಿಸ್ದೇ ಇದ್ರೆ ಸರ್ಟಿಫಿಕೇಟ್ ಇಲ್ಲ, ಫೇಲ್.

ಡಿಸೈನ್‌ಗೆ ಓಪನ್‌ರಾಕೆಟ್ ಅನ್ನೋ ಫ್ರೀ ಸಾಫ್ಟ್‌ವೇರ್ ಸಾಕು. ಥ್ರಸ್ಟ್, ಅಂದ್ರೆ ಮೋಟಾರ್ ಮೇಲಕ್ಕೆ ತಳ್ಳೋ ಬಲ, ರಾಕೆಟ್ ತೂಕದ ಐದು ಪಟ್ಟಾದ್ರೂ ಇರ್ಲಿ, ಗಾಳಿ ಗಂಟೆಗೆ 20 ಮೈಲಿ ದಾಟಿದ್ರೆ ಹಾರಿಸೋ ಹಾಗೇ ಇಲ್ಲ. ಇದರ ಬಗ್ಗೆ ಇಷ್ಟು ಸಾಕು.

ಈಗ ಅಸಲಿ ವಿಷಯ, ಎರಡು ಪ್ಯಾರಾಚೂಟು. ಹಾರಾಟದ ತುತ್ತತುದಿಗೆ ಹೋದಾಗ ಡ್ರೋಗ್ ಅಂತ ಒಂದು ಪುಟಾಣಿ ಚೂಟು, ನೆಲಕ್ಕೆ 600-700 ಅಡಿ ಇದೆ ಅನ್ನುವಾಗ ಮೇನ್ ಅಂತ ದೊಡ್ಡ ಚೂಟು. ಎರಡನ್ನೂ ಆಚೆ ತಳ್ಳೋದು ಟ್ಯೂಬಿನ ಒಳಗೆ ಸಿಡಿಯೋ ಸ್ವಲ್ಪ ಮದ್ದು, ಅಂದ್ರೆ ಬ್ಲ್ಯಾಕ್ ಪೌಡರ್. ಯಾಕೆ ಒಂದೇ ದೊಡ್ಡದು ಹಾಕ್ಬಾರ್ದು ಅಂದ್ರೆ ಲೆಕ್ಕ ಹಾಕಿ ನೋಡಿ: ಮೂರು ಕಿಲೋಮೀಟರ್ ಮೇಲೆ ಮೇನ್ ಬಿಚ್ಕೊಂಡ್ರೆ ಸೆಕೆಂಡಿಗೆ 6 ಮೀಟರ್ ಥರ ಇಳಿಯೋಕೆ ಎಂಟು ನಿಮಿಷದ ಮೇಲಾಗುತ್ತೆ, ಸೆಕೆಂಡಿಗೆ 5 ಮೀಟರ್ ಗಾಳಿ ಇದ್ರೂ ಎರಡೂವರೆ ಕಿಲೋಮೀಟರ್ ದೂರ ತಗೊಂಡ್ಹೋಗುತ್ತೆ. ಡ್ರೋಗ್‌ನಲ್ಲಿ ಸೆಕೆಂಡಿಗೆ 25 ಮೀಟರ್ ಥರ ಬಿದ್ದು ಕೊನೆ 200 ಮೀಟರಿಗೆ ಮಾತ್ರ ಮೇನ್ ಬಿಚ್ಕೊಂಡ್ರೆ ಎರಡೂವರೆ ನಿಮಿಷ, ಮುಕ್ಕಾಲು ಕಿಲೋಮೀಟರ್ ಅಷ್ಟೆ.

ಈ ಲೆಕ್ಕ ನಾನು ಕಾಲಲ್ಲಿ ನಡೆದು ಕಲ್ತಿದ್ದು. ಮೇನ್ ಇದ್ದಿದ್ದು ನೋಸ್ ಕೋನ್, ಅಂದ್ರೆ ರಾಕೆಟ್ಟಿನ ಚೂಪು ಮೂತಿಯ ಹಿಂದೆ, ಆ ಮೂತಿಗೆ ಟೇಪ್ ಸುತ್ತಿ ಟೈಟಾಗಿ ಕೂರಿಸಿದ್ದೆ, ಸಾಕು ಅನ್ಕೊಂಡೆ, ಆದ್ರೆ ಮೇಲೆ ಡ್ರೋಗ್ ಬಿಚ್ಚೋ ಮದ್ದು ಸಿಡಿದ ಜೋರಿಗೆ ನೋಸ್ ಕೋನೂ ಕಿತ್ಕೊಂಡು ಮೇನ್ ಅಲ್ಲೇ ಅರಳಿಬಿಡ್ತು, ಕೆಳಗೆ ನಿಂತೋರೆಲ್ಲಾ ಎಷ್ಟು ಚೆಂದ ಅಂತಿದ್ರೆ ನನಗೆ ಮಾತ್ರ ಹೊಟ್ಟೆ ಉರೀತಿತ್ತು. ಎರಡು ಗಂಟೆ ನಡೆದೆ. ಅವತ್ತಿಂದ ನೋಸ್ ಕೋನ್‌ಗೆ ಶಿಯರ್ ಪಿನ್ ಅಂತ ಸಣ್ಣ ನೈಲಾನ್ ಸ್ಕ್ರೂ ಮೂರು ಹಾಕ್ದೆ ಹಾರಿಸಲ್ಲ. ಮೇನ್‌ನ ಮದ್ದು ಸಿಡಿದಾಗ ಮಾತ್ರ ಅವು ಕಟ್ ಆಗ್ಬೇಕು.

ಹಾಗಾದ್ರೆ ಮದ್ದು ಎಷ್ಟು? ನಾಲ್ಕಿಂಚು ಟ್ಯೂಬು, ಒಳಗೆ ಒಂದೂವರೆ ಅಡಿ ಜಾಗ ಇದ್ರೆ ಪೌಡರ್ ಒಂದೂವರೆಯಿಂದ ಎರಡು ಗ್ರಾಂ ಆಸುಪಾಸು, ಆದ್ರೆ ಪುಸ್ತಕದ ಲೆಕ್ಕ ನಂಬ್ಕೊಂಡು ಹೋಗ್ಬೇಡಿ, ಸರ್ಟಿಫಿಕೇಟ್ ಇರೋ ಒಬ್ಬರನ್ನ ಪಕ್ಕದಲ್ಲಿ ಇಟ್ಕೊಂಡು ನೆಲದ ಮೇಲೇ ಟೆಸ್ಟ್ ಮಾಡಿ. ಚೂಟು, ಹಗ್ಗ ಎಲ್ಲಾ ಒಳಗೆ ತುಂಬಿ, ಉದ್ದ ವೈರ್ ಎಳೆದು ದೂರ ನಿಂತು ಸಿಡಿಸಿ. ಎಲ್ಲಾ ಚೆಲ್ಲಿ ಆಚೆ ಬಂದ್ರೆ ಸರಿ, ಸುಮ್ನೆ ಪುಸ್ ಅಂದ್ರೆ ಸಾಲ್ದು. 20,000 ಅಡಿ ಆಚೆ ಹೋಗೋ ಪ್ಲಾನ್ ಇದ್ರೆ ಇನ್ನೊಂದು ತಲೆನೋವು, ಅಲ್ಲಿ ಗಾಳಿ ಎಷ್ಟು ತೆಳು ಅಂದ್ರೆ ಪೌಡರ್ ಪೂರ್ತಿ ಉರಿಯೋ ಮುಂಚೆ ಚದುರಿ ಹೋಗುತ್ತೆ, ಅದನ್ನ ಗಾಳಿ ಆಡದ ಹಾಗೆ ಬಿಗಿಯಾಗಿ ಸೀಲ್ ಮಾಡ್ಬೇಕು.

ಚೂಟನ್ನ ಸೀರೆ ನೆರಿಗೆ ಹಿಡಿಯೋ ಹಾಗೆ ಮಡಚಿ, ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ, ಬೆಂಕಿ ತಡೆಯೋ ನೋಮೆಕ್ಸ್ ಬಟ್ಟೆ ಸುತ್ತಿ. ತುರುಕಬೇಡಿ, ಕೈ ಬಿಟ್ರೆ ತಾನೇ ಜಾರಬೇಕು.

ಯಾವಾಗ ಸಿಡಿಸ್ಬೇಕು ಅಂತ ತೀರ್ಮಾನ ಮಾಡೋದು ಆಲ್ಟಿಮೀಟರ್, ಅದು ಗಾಳಿ ಒತ್ತಡ ನೋಡಿ ಎತ್ತರ ಕಂಡುಹಿಡಿಯುತ್ತೆ, ಆದ್ದರಿಂದ ಅದಿರೋ ಜಾಗಕ್ಕೆ ಸುತ್ತಲೂ ಮೂರ್ನಾಲ್ಕು ಸಣ್ಣ ತೂತು ಬೇಕೇ ಬೇಕು. ಎರಡು ಆಲ್ಟಿಮೀಟರ್ ಹಾಕಿ, ಎರಡಕ್ಕೂ ಬೇರೆ ಬೇರೆ ಬ್ಯಾಟರಿ, ಹೊಸದು, ಒಂದೊಂದಕ್ಕೂ ಡ್ರೋಗ್‌ಗೊಂದು ಮೇನ್‌ಗೊಂದು ಅಂತ ಅದರದ್ದೇ ಮದ್ದು, ಒಟ್ಟು ನಾಲ್ಕು. ಸ್ವಿಚ್ ಆನ್ ಮಾಡೋದು ರಾಕೆಟ್ ಲಾಂಚ್ ಪ್ಯಾಡಲ್ಲಿ ನೆಟ್ಟಗೆ ನಿಂತ್ಮೇಲೆ, ಮೋಟಾರ್ ಹೊತ್ತಿಸೋ ಇಗ್ನೈಟರ್ ಹಾಕೋದು ಅದಾದ್ಮೇಲೆ. ಆಲ್ಟಿಮೀಟರಿನ ಬೀಪ್ ಪೂರ್ತಿ ಕೇಳಿಸ್ಕೊಳ್ಳಿ, ಕ್ಯೂನಲ್ಲಿ ಹಿಂದಿರೋರು ಕಾಯ್ಲಿ ಬಿಡಿ.

ಹುಡುಕೋಕೆ ಜಿಪಿಎಸ್ ಟ್ರ್ಯಾಕರ್. ರಾಕೆಟ್ ನೆಲ ಮುಟ್ಟಿದ ತಕ್ಷಣ ಸಿಗ್ನಲ್ ಹೋಗ್ಬಿಡುತ್ತೆ, ಗಾಬರಿ ಬೇಡ, ಆಂಟೆನಾ ನೆಲದಲ್ಲಿ ಮಲಗಿದೆ ಅಷ್ಟೆ, ಕೊನೇ ಲೊಕೇಶನ್ ಕಡೆ ನಡೀತಾ ಹೋದ್ರೆ ಮತ್ತೆ ಸಿಗುತ್ತೆ. ಜೊತೆಗೆ ಒಂದು ಹಳೇ ಉಪಾಯ: ಅದು ಇಳಿದ ಕಡೆ ಹಿಂದಿರೋ ಬೆಟ್ಟದ ಗುರುತು ಇಟ್ಕೊಳ್ಳಿ, ದೂರದಲ್ಲಿರೋ ಫ್ರೆಂಡಿಗೂ ಅವನ ಕಡೆಯಿಂದ ಇಡೋಕೆ ಹೇಳಿ, ಎರಡು ಗೆರೆ ಕೂಡೋ ಕಡೆ ರಾಕೆಟ್. ಮರ ಇಲ್ಲ ಗಿಡ ಇಲ್ಲ, ಅಂಗೈ ಥರ ಬಯಲು, ಆದ್ರೂ ದೂರ ಅನ್ನೋದು ಅಲ್ಲಿ ಕಣ್ಣಿಗೆ ಸಿಗಲ್ಲ. ನೀರು ಜಾಸ್ತಿನೇ ಇಟ್ಕೊಳ್ಳಿ.

ಸಿಕ್ಕಿದ ಕೂಡ್ಲೇ ಖುಷಿಗೆ ಎತ್ತಬೇಡಿ. ಒಂದು ಫೋಟೋ ತೆಗೀರಿ, ಆಮೇಲೆ ಪಕ್ಕದಿಂದ ಬಗ್ಗಿ ನಾಲ್ಕೂ ಮದ್ದು ಸಿಡಿದಿದ್ಯಾ ನೋಡಿ, ಒಂದು ಸಿಡೀದೆ ಉಳಿದಿದ್ರೂ ಟ್ಯೂಬಿನ ಬಾಯಿಗೆ ಮುಖ ಕೊಡದೆ ಮೊದಲು ಸ್ವಿಚ್ ಆಫ್ ಮಾಡಿ. ಎಲ್ಲಾ ಸಿಡಿದಿದ್ರೆ ಆಫ್ ಮಾಡೋ ಮುಂಚೆ ಆಲ್ಟಿಮೀಟರಿನ ತೂತಿನ ಹತ್ರ ಕಿವಿ ಇಡಿ, ಆ ಗಾಳೀಲಿ ಬೇರೆ ಥರ ಕೇಳ್ಸಲ್ಲ, ಒಂದೊಂದು ಅಂಕಿಗೂ ಬಿಟ್ಟು ಬಿಟ್ಟು ಬೀಪ್ ಹೊಡೀತಾ ಎಷ್ಟು ಅಡಿ ಹೋಗಿದ್ದೆ ಅಂತ ಅದೇ ಹೇಳುತ್ತೆ.