ಗಂಡನ ವಿವಾಹೇತರ ಸಂಬಂಧ: ಮಾನಸಿಕ ಕ್ರೌರ್ಯದ ದೂರು ಬರೆಯುವುದು ಹೇಗೆ?

ಗಂಡನಿಗೆ ಇನ್ನೊಬ್ಬಳ ಸಹವಾಸವಿದೆ ಎಂದಷ್ಟೇ ಬರೆದುಕೊಂಡು ಠಾಣೆಗೆ ಹೋದರೆ ಕೆಲಸವಾಗುವುದಿಲ್ಲ. ಭಾರತೀಯ ದಂಡ ಸಂಹಿತೆಯ (ಐಪಿಸಿ) ವ್ಯಭಿಚಾರದ 497ನೇ ಕಲಮನ್ನು ಸುಪ್ರೀಂ ಕೋರ್ಟ್ 2018ರಲ್ಲೇ ರದ್ದು ಮಾಡಿದೆ. ಪೊಲೀಸ್ ದೂರಿಗೆ ಉಳಿದಿರುವ ದಾರಿ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂ, ಅಂದರೆ ಗಂಡನ ಕ್ರೌರ್ಯದ ಕುರಿತ ಐಪಿಸಿಯ ಹಳೆಯ 498ಎ: 3 ವರ್ಷದವರೆಗೆ ಜೈಲು, ಜೊತೆಗೆ ದಂಡ. ಆದರೆ ಸಂಬಂಧವೊಂದೇ ಕ್ರೌರ್ಯವಾಗದು ಎಂದು 2016ರಲ್ಲಿ ಕರ್ನಾಟಕದ್ದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹಾಗಾಗಿ ದೂರಿನ ತೂಕವೆಲ್ಲ ನಡವಳಿಕೆಯ ಮೇಲಿರಲಿ. ‘ಹಿಂಸೆ ಕೊಡುತ್ತಾನೆ’ ಎಂಬ ಸಾಲು ಏನನ್ನೂ ಸಾಬೀತು ಮಾಡದು. ‘ಮಾರ್ಚ್ 3ರ ರಾತ್ರಿ ಮಕ್ಕಳೆದುರೇ ಅವಳ ಫೋಟೊ ತೋರಿಸಿ, ಬೇಕಾದರೆ ಸಾಯಿ ಎಂದ, ಮರುದಿನದಿಂದ ಮನೆಖರ್ಚು ನಿಲ್ಲಿಸಿದ’ ಎಂಬಂತೆ ದಿನ, ಜಾಗ, ಆಡಿದ ಮಾತು, ಕೇಳಿದವರು ಎಲ್ಲ ಬರಲಿ. ಮನೋವೈದ್ಯರ ಚೀಟಿಯಿದ್ದರೆ ಲಗತ್ತಿಸಿ. ಮಾನಸಿಕ ಆರೋಗ್ಯಕ್ಕೆ ಗಂಭೀರ ಹಾನಿ ತರುವಂಥ ಉದ್ದೇಶಪೂರ್ವಕ ನಡತೆಯೂ 86ರ ವ್ಯಾಖ್ಯೆಯಲ್ಲಿದೆ.

ಹೆಚ್ಚಿನವರು ಮುಗ್ಗರಿಸುವುದು ವಾಟ್ಸಾಪ್ ಸ್ಕ್ರೀನ್‌ಶಾಟ್‌ನಲ್ಲಿ. ಬರೀ ಪ್ರಿಂಟ್ ಸಾಲದು, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ (ಆ ದಾಖಲೆ ಯಾವ ಫೋನಿನಿಂದ ಹೇಗೆ ಬಂತೆಂದು ದೃಢೀಕರಿಸುವ ಪತ್ರ) ಬೇಕು. ಮೂಲ ಚಾಟ್ ಅಳಿಸಬೇಡಿ, ಫೋನ್ ಮಾರಬೇಡಿ. ಅವನ ಫೋನಿಗೆ ಸ್ಪೈ ಆ್ಯಪ್ ಹಾಕಿದರೆ ನಿಮ್ಮ ಮೇಲೇ ಕೇಸಾದೀತು!

ಜೈಲಿಗಿಂತ ಮನೆ, ಖರ್ಚು ಮುಖ್ಯವೆನಿಸಿದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯೇ ಹೆಚ್ಚು ಉಪಯೋಗಿ. 12ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ, ವಾಸದ ಹಕ್ಕು, ಜೀವನಾಂಶ, ಮಾನಸಿಕ ಯಾತನೆಗೆ ಪರಿಹಾರ ಒಟ್ಟಿಗೇ ಕೇಳಬಹುದು. ರಕ್ಷಣಾ ಆದೇಶ ಮೀರಿದರೆ 1 ವರ್ಷದವರೆಗೆ ಜೈಲು, ₹20,000ದವರೆಗೆ ದಂಡ ಅಥವಾ ಎರಡೂ. 85ರ ದೂರಿಗೆ ಮಾತ್ರ ಕಾಲಮಿತಿ 3 ವರ್ಷ; ಕೊನೆಯ ಘಟನೆಯ ದಿನಾಂಕ ತಪ್ಪದೆ ನಮೂದಿಸಿ.