ಮಳೆಗಾಲದಲ್ಲೂ ನಿಲ್ಲದ ಫ್ರಿಜ್: ನಮ್ಮ ಟಿಟಿಗೆ ನಾನೇ ಕರೆಂಟ್ ಮಾಡಿಕೊಂಡ ಅನುಭವ

ಹೋದ ಜುಲೈನಲ್ಲಿ ಸಕಲೇಶಪುರದ ಆಚೆ ಚಿಕ್ಕಪ್ಪನ ತೋಟದಲ್ಲಿ ಐದು ದಿನ ನಮ್ಮ ಟಿಟಿ (ಟೆಂಪೋ ಟ್ರಾವೆಲರ್) ನಿಲ್ಲಿಸಿದ್ದೆವು. ಐದು ದಿನವೂ ಜಡಿಮಳೆ. ಎರಡನೇ ದಿನ ಲೈನ್ ಮೇಲೆ ಮರ ಬಿದ್ದು ಮನೆಯ ಕರೆಂಟ್ ಹೋಯಿತು. ನಮ್ಮ ಗಾಡಿಯಲ್ಲಿ ಫ್ರಿಜ್ ಓಡುತ್ತಲೇ ಇತ್ತು. ಚಿಕ್ಕಮ್ಮ ಹಾಲನ್ನು ಅದರಲ್ಲೇ ತಂದಿಟ್ಟರು, ಮನೆಯವರ ಫೋನ್‌ಗಳೆಲ್ಲ ನಮ್ಮಲ್ಲೇ ಚಾರ್ಜ್ ಆದವು. "ಮಲ್ನಾಡಲ್ಲಿ ಸೋಲಾರ್ ಗಾಡಿನಾ? ಬಿಡಿ ಸಾರ್, ಮನೆ ಯುಪಿಎಸ್ ಬ್ಯಾಟರಿ ಒಂದು ಹಾಕ್ಕೊಳ್ಳಿ" ಎಂದಿದ್ದ ಹಾಸನದ ಆಟೋ ಎಲೆಕ್ಟ್ರಿಷಿಯನ್‌ಗೆ ಅಲ್ಲಿಂದಲೇ ಮೀಟರ್ ಫೋಟೊ ಕಳಿಸಿದೆ.

ಅವರ ಮಾತಲ್ಲಿ ಅರ್ಧ ನಿಜ ಇತ್ತು. ಆಷಾಢದ ಮೋಡಕ್ಕೆ ನನ್ನ ಎರಡು ಪ್ಯಾನೆಲ್ (ಒಟ್ಟು 330 ವ್ಯಾಟ್) ದಿನಕ್ಕೆ 15 ಎಎಚ್ (ಆಂಪಿಯರ್-ಅವರ್, ಬ್ಯಾಟರಿಗೆ ತುಂಬುವ ಕರೆಂಟಿನ ಅಳತೆ) ಕೊಟ್ಟರೆ ಪುಣ್ಯ. ಫ್ರಿಜ್ ಒಂದಕ್ಕೇ 35 ಬೇಕು. ಅದಕ್ಕೇ ನಾನು ನಂಬಿದ್ದು ಗಾಡಿಯ ಆಲ್ಟರ್ನೇಟರನ್ನು, ಅಂದರೆ ಇಂಜಿನ್ ತಿರುಗುವಾಗ ಕರೆಂಟ್ ಮಾಡುವ ಡೈನಮೋವನ್ನು. ಅದಕ್ಕೂ ಬ್ಯಾಟರಿಗೂ ನಡುವೆ 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಕೂರಿಸಿದ್ದೇನೆ, ಅದು ಬ್ಯಾಟರಿಗೆ ಹೋಗುವ ಕರೆಂಟನ್ನು ಮಿತಿಯಲ್ಲಿಡುತ್ತೆ. ಹಾಸನದಿಂದ ಸಕಲೇಶಪುರಕ್ಕೆ ಒಂದು ಗಂಟೆ ಓಡಿಸಿದರೆ ಹೆಚ್ಚುಕಮ್ಮಿ ಒಂದು ದಿನದ ಫ್ರಿಜ್ ಬಂತು ಅಂತಲೇ ಲೆಕ್ಕ. ತೋಟದಿಂದ ದಿನ ಬಿಟ್ಟು ದಿನ ಪೇಟೆಗೆ ತರಕಾರಿಗೆ ಹೋಗಿ ಬಂದೆ, ಅಷ್ಟೇ. ಐದನೇ ದಿನವೂ ಬ್ಯಾಟರಿ ಅರ್ಧದ ಮೇಲೇ ಇತ್ತು.

ಇಲ್ಲಿಗೆ ಬರುವ ಮೊದಲು ದುಡ್ಡು ಸಾಕಷ್ಟು ಕಳೆದೆ. ಮೊದಲು ಆ ಎಲೆಕ್ಟ್ರಿಷಿಯನ್ ಮಾತು ಕೇಳಿ 150 ಎಎಚ್ ಟ್ಯೂಬುಲರ್ (ಮನೆ ಯುಪಿಎಸ್‌ನ ಆಸಿಡ್ ಬ್ಯಾಟರಿ) ಹಾಕಿದೆ, ಸುಮಾರು 15 ಸಾವಿರ. ಎತ್ತಲು ಇಬ್ಬರು ಬೇಕು. ಚಾರ್ಮಾಡಿ ತಿರುವುಗಳಲ್ಲಿ ಆಸಿಡ್ ಚೆಲ್ಲಿ ಕೆಳಗಿನ ಪ್ಲೈವುಡ್ ಕಪ್ಪಾಯಿತು. ಅರ್ಧ ಖಾಲಿಯಾದರೆ ಸಾಕು, ಫ್ರಿಜ್ ಕಟ್. ಆಮೇಲೆ ಲೀಥಿಯಂ ಸೆಲ್ ತರಿಸಿ, ಡಿಸಿ-ಡಿಸಿ ದುಡ್ಡು ಉಳಿಸೋಣ ಅಂತ ಬರೀ ರಿಲೇ (ತಾನೇ ಆನ್-ಆಫ್ ಆಗುವ ಸ್ವಿಚ್) ಹಾಕಿ ಆಲ್ಟರ್ನೇಟರ್‌ಗೆ ಕೊಟ್ಟೆ. ಶಿರಾಡಿ ಘಾಟಿಯಲ್ಲಿ ಲಾರಿ ಸಾಲು, ಇಂಜಿನ್ ಐಡ್ಲಿಂಗ್‌ನಲ್ಲಿ. ಲೀಥಿಯಂ ಎಷ್ಟು ಕೊಟ್ಟರೂ ಎಳೆಯುತ್ತೆ, ನಿಧಾನ ತಿರುಗುವ ಆಲ್ಟರ್ನೇಟರ್‌ಗೆ ಗಾಳಿಯೂ ಸಾಲಲ್ಲ. ಮುಕ್ಕಾಲು ಗಂಟೆಗೆ ಸುಟ್ಟ ವಾಸನೆ. ಟೋಯಿಂಗ್ ಸೇರಿ 12 ಸಾವಿರದ ಹತ್ತಿರ ಹೋಯಿತು.

ಮೂರನೆಯ ತಪ್ಪು ವೈರಿನದು. ಬ್ಯಾಟರಿ ತುಂಬಿದ್ದರೂ ಫ್ರಿಜ್ ಶುರುವಾಗಿ ನಿಲ್ಲುತ್ತಿತ್ತು. ಒಂದು ರಾತ್ರಿ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಮಲ್ಟಿಮೀಟರ್ ಹಿಡಿದು ಕೂತೆ. ಬ್ಯಾಟರಿ ಹತ್ತಿರ 13.1 ವೋಲ್ಟ್. ಫ್ರಿಜ್ ಪ್ಲಗ್ಗಿನಲ್ಲಿ ಕಂಪ್ರೆಸರ್ ಏಳುವ ಕ್ಷಣ 11.6. ನಾನು ಎಳೆದಿದ್ದು ಮನೆ ಲೈಟಿನ 1.5 ಎಂಎಂ ವೈರ್, ಹೋಗಿ ಬರೋದು ಸೇರಿ 12 ಮೀಟರ್. 6 ಎಂಎಂ ಹಾಕಿದ ಮೇಲೆ ಆ ಕಾಯಿಲೆ ಮತ್ತೆ ಬರಲಿಲ್ಲ. ಇನ್ವರ್ಟರ್ ಲಗ್‌ಗಳನ್ನೂ (ವೈರ್ ತುದಿಗೆ ಹಾಕುವ ಲೋಹದ ಕೊಂಡಿ) ಸುತ್ತಿಗೆಯಲ್ಲಿ ಜಜ್ಜಬೇಡಿ, ಹೈಡ್ರಾಲಿಕ್ ಕ್ರಿಂಪರ್ ಬಾಡಿಗೆಗೆ ತನ್ನಿ. 1000 ವ್ಯಾಟ್ ಎಳೆದಾಗ 12 ವೋಲ್ಟಿನಲ್ಲಿ 90–100 ಆಂಪಿಯರ್ ಓಡುತ್ತೆ ಅಲ್ವಾ!

ನಡುವೆ ಜನವರಿಯಲ್ಲಿ ಒಂದು ಪ್ರಯೋಗ ಮಾಡಿದೆ. ಸಿಲ್ವರ್ ಓಕ್ ನೆರಳು ಪ್ಯಾನೆಲ್ಲಿನ ಒಂದು ಮೂಲೆಗೆ ಬಿದ್ದರೂ ವ್ಯಾಟ್ ಅರ್ಧಕ್ಕಿಂತ ಕೆಳಗೆ ಬೀಳುತ್ತಿತ್ತು. ಎರಡೂ ಪ್ಯಾನೆಲ್ ಕ್ಯಾರಿಯರ್‌ನಿಂದ ಬಿಚ್ಚಿ, ಕಾಫಿ ಹರಡಿದ ಕಣದ ಅಂಚಿನಲ್ಲಿ ಮಲಗಿಸಿ, ಸೀರೀಸ್ ಮಾಡಿ 20 ಮೀಟರ್ ವೈರ್ ಎಳೆದೆ. ವೋಲ್ಟ್ ಏರಿದ್ದರಿಂದ ವೈರಿನ ನಷ್ಟ ಗೊತ್ತಾಗಲೇ ಇಲ್ಲ. ಎಂಪಿಪಿಟಿ (ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವಿನ ಸೋಲಾರ್ ಚಾರ್ಜರ್) ಇದ್ದವರು ಮಾಡಿ ನೋಡಿ, ಅದು ತಾಳುವ ವೋಲ್ಟ್ ಮೊದಲು ನೋಡಿಕೊಳ್ಳಿ.

ಈಗಿರುವ ವ್ಯವಸ್ಥೆಗೆ ನನಗೆ ಆದ ಖರ್ಚು ನೆನಪಿನಿಂದ ಹೇಳುತ್ತೇನೆ. 100 ಎಎಚ್ ಲೀಥಿಯಂ ಸೆಲ್ ಎಂಟು, ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಸೇರಿ 50 ಸಾವಿರದ ಆಸುಪಾಸು. ಡಿಸಿ-ಡಿಸಿ 14 ಸಾವಿರ. ಪ್ಯಾನೆಲ್, ಎಂಪಿಪಿಟಿ 22. ಇನ್ವರ್ಟರ್ 9. ವೈರ್, ಫ್ಯೂಸ್, ಲಗ್ 8. ಒಂದು ಲಕ್ಷದ ಮೇಲೆ ಸ್ವಲ್ಪ. ಬೆಂಗಳೂರಿನಲ್ಲಿ ಇದನ್ನೇ ಒಬ್ಬರು ಎರಡೂವರೆ ಲಕ್ಷ ಕೇಳಿದ್ದರು.

ಡಿಸಿ-ಡಿಸಿ ಚಾರ್ಜರ್ ಬಿಸಿಯಾಗದಂತೆ ಎಲ್ಲಿ, ಹೇಗೆ ಕೂರಿಸಿದೆ ಅನ್ನೋದನ್ನು ಬರೆಯೋದಿಲ್ಲ. ಅದಕ್ಕೆ ಎರಡು ತಿಂಗಳು ಕೊಟ್ಟಿದ್ದೇನೆ. ಲೀಥಿಯಂ ಬ್ಯಾಟರಿ ಚಾರ್ಜಿಂಗ್ ಮಾತ್ರ 14.6 ವೋಲ್ಟಿನ ತನಕ ಒಯ್ಯಬೇಡಿ, ನಾನು 14.2ಕ್ಕೆ ನಿಲ್ಲಿಸುತ್ತೇನೆ. ಮೊನ್ನೆ ಮುಳ್ಳಯ್ಯನಗಿರಿ ಕಡೆ ಹೋದಾಗ ಬೆಳಿಗ್ಗೆ ಗಾಡಿಯಲ್ಲೇ ಮಿಕ್ಸಿ ಹಾಕಿ ಚಟ್ನಿ ಅರೆದೆವು. ಇನ್ವರ್ಟರ್ ಬೀಪ್ ಕೂಡ ಮಾಡಲಿಲ್ಲ.