ಬೀಸುಬಲೆಯ ಗುಂಡು

"ಹುಚ್ಚು ಹಿಡಿದಿದೆ ಡಾಕ್ಟ್ರೇ, ಕೋವಿ ತೆಗೀಲಾ?"

ಫೋನ್ ಮಾಡಿದವರು ಶ್ರೀಮಂಗಲದ ಕಡೆಯ ತೋಟದ ಮಾಲೀಕರು. ಎರಡು ವರ್ಷದ ಲ್ಯಾಬ್ರಡಾರ್. ನಾಲ್ಕು ದಿನದಿಂದ ವಾಂತಿ, ಆಮೇಲೆ ಸುಮ್ಮಸುಮ್ಮನೆ ಊಳಿಡುವುದು, ಗಾಳಿ ಕಚ್ಚುವುದು, ಆ ಬೆಳಿಗ್ಗೆ ಫಿಟ್ಸ್. ಗೂಡಿಗೆ ಹಾಕಿ, ಯಾರೂ ಮುಟ್ಟಬೇಡಿ ಎಂದು ಹೇಳಿ ಜೀಪು ಹತ್ತಿದೆ.

ರೇಬಿಸ್ ಲಸಿಕೆಯ ಕಾರ್ಡ್ ಸರಿಯಾಗಿಯೇ ಇತ್ತು. ಆದರೂ ದಪ್ಪ ಕೈಗವಸಿಲ್ಲದೆ ಹತ್ತಿರ ಹೋಗಲಿಲ್ಲ. ನನಗೆ ಸುಳಿವು ಕೊಟ್ಟಿದ್ದು ನಾಯಿಯಲ್ಲ, ಜಗಲಿಯಲ್ಲಿ ಒಣಹಾಕಿದ್ದ ಬೀಸುಬಲೆ. ಅಂಚಿನಲ್ಲಿ ಗೇಣುದ್ದ ದಾರ ಜಗಿದು ಹಿಂಜಿತ್ತು, ಅಲ್ಲಿದ್ದ ಸೀಸದ ಗುಂಡುಗಳು ಮಾಯ. ಮೀನಿನ ವಾಸನೆ ಹಿಡಿದ ಬಲೆಯನ್ನು ಯಾವ ಲ್ಯಾಬ್ರಡಾರ್ ಬಿಟ್ಟೀತು?

ಫಿಟ್ಸ್ ತಡೆಯುವ ಡಯಾಜೆಪಾಮ್ ಕೊಟ್ಟು ಮೈಸೂರಿಗೆ ಒಯ್ದೆವು. ಎಕ್ಸ್‌ರೇಯಲ್ಲಿ ಹೊಟ್ಟೆಯೊಳಗೆ ಏಳು ಬೆಳ್ಳನೆಯ ಗುಂಡುಗಳು. ಜಠರದ ಆಮ್ಲದಲ್ಲಿ ಸೀಸ ಕರಗುತ್ತಲೇ ಇರುತ್ತದೆ, ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಈ ಹುಚ್ಚಾಟವೆಲ್ಲ ಆ ವಿಷದ್ದೇ. ಹೊಟ್ಟೆ ಕೊಯ್ದಾಗ ಸಿಕ್ಕಿದ್ದು ಆರೇ. ಬಲೆಯಲ್ಲಿ ಉಳಿದವುಗಳ ಪಕ್ಕ ಇಟ್ಟು ನೋಡಿದರೆ ಸವೆದು ಚಿಕ್ಕದಾಗಿದ್ದವು, ಮೈತುಂಬ ಕುಳಿ. ಏಳನೆಯದು ಕರುಳಿಗೆ ಜಾರಿತ್ತು. ಮೆಗ್ನೀಸಿಯಂ ಸಲ್ಫೇಟ್ ಕುಡಿಸಿ ಒಂದು ದಿನ ಕಾದೆವು. ಅದು ಭೇದಿ ಮಾಡಿಸುವುದಲ್ಲದೆ ಸೀಸವನ್ನು ಕರಗದ ಸಲ್ಫೇಟ್ ಆಗಿಯೂ ಕಟ್ಟಿಹಾಕುತ್ತದೆ. ಮಾಲೀಕರಿಗೆ ಸಿಟ್ಟು: "ಇಂಜೆಕ್ಷನ್ ಯಾಕೆ ಶುರು ಮಾಡ್ತಿಲ್ಲ?" ರಕ್ತದ ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಮದ್ದು ಇಡಿಟಿಎ. ಸೀಸ ಹೊಟ್ಟೆಯೊಳಗಿರುವಾಗಲೇ ಅದನ್ನು ಚುಚ್ಚಿದರೆ ಕರುಳು ಇನ್ನಷ್ಟು ಸೀಸ ಹೀರಬಹುದು. ಮರುದಿನದ ಎಕ್ಸ್‌ರೇ ಖಾಲಿ ಬಂದ ಮೇಲೆಯೇ ಸಿರಿಂಜ್ ಮುಟ್ಟಿದೆ.

ಅಷ್ಟರಲ್ಲಿ ಇನ್ನೊಂದು ಎಡವಟ್ಟು ತಪ್ಪಿತು. ಔಷಧಿ ಅಂಗಡಿಯವರು ಕೊಟ್ಟಿದ್ದು ಡೈಸೋಡಿಯಂ ಇಡಿಟಿಎ. ಬೇಕಿದ್ದುದು ಕ್ಯಾಲ್ಸಿಯಂ ಡೈಸೋಡಿಯಂ ಇಡಿಟಿಎ. ಮೊದಲನೆಯದು ರಕ್ತದ ಕ್ಯಾಲ್ಸಿಯಂ ಅನ್ನೇ ಕಿತ್ತುಕೊಂಡು ನಾಯಿಯನ್ನು ಮುಗಿಸಿಬಿಡುತ್ತಿತ್ತು. ಲೇಬಲ್ಲನ್ನು ಎರಡು ಸಲ ಓದುವ ಚಾಳಿ ನನಗೆ ಅಂದಿನಿಂದ.

ಕಿಲೋಗೆ ದಿನಕ್ಕೆ 100 ಮಿ.ಗ್ರಾಂ ಲೆಕ್ಕ. ನಾಯಿ 26 ಕಿಲೋ, ಅಂದರೆ 2,600. ಆದರೆ ದಿನಕ್ಕೆ 2 ಗ್ರಾಂ ದಾಟುವಂತಿಲ್ಲ, ಮೂತ್ರಪಿಂಡ ಕೆಡುತ್ತದೆ. ಹಾಗಾಗಿ 500 ಮಿ.ಗ್ರಾಂ ಅನ್ನು 50 ಮಿ.ಲೀ. ಡೆಕ್ಸ್‌ಟ್ರೋಸ್‌ನಲ್ಲಿ ಬೆರೆಸಿ, ಆರು ಗಂಟೆಗೊಮ್ಮೆ ಚರ್ಮದಡಿ, ಐದು ದಿನ. ಚುಚ್ಚಿದಲ್ಲೆಲ್ಲ ನಿಂಬೆಹಣ್ಣಿನಂತೆ ಉಬ್ಬುತ್ತಿತ್ತು. ಜೊತೆಗೆ ಡ್ರಿಪ್, ಥಯಾಮಿನ್ (ವಿಟಮಿನ್ ಬಿ1). ಮೂರನೇ ದಿನ ಅನ್ನ ಮುಟ್ಟಿತು. ಎಲುಬಿನಲ್ಲಿ ಕೂತ ಸೀಸ ಮತ್ತೆ ರಕ್ತಕ್ಕೆ ಇಳಿಯುವುದರಿಂದ ಎರಡು ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಿದೆ.

ಗುಂಡು ಎಲ್ಲಿಯದು ಎಂದು ಕೇಳಿದಾಗ ತೋಟದ ಕೆಲಸದವನು, "ನಾನೇ ಸಾರ್, ಹಳೇ ಬ್ಯಾಟರಿ ಸೀಸ ಒಲೆ ಮೇಲೆ ಕರಗಿಸಿ ಎರೀತೀನಿ" ಎಂದ. ಅದೇ ಒಲೆಯಲ್ಲಿ ಅಡಿಗೆ. ಮನೆಯಲ್ಲಿ ಮೂರು ವರ್ಷದ ಮಗಳು. ನನ್ನ ಚೀಟಿ ಮನುಷ್ಯರಿಗೆ ನಡೆಯುವುದಿಲ್ಲ. ಮಗುವಿನ ರಕ್ತದಲ್ಲಿ ಸೀಸ ನೋಡಿಸಿ ಎಂದು ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ, ಮಾಲೀಕರ ಜೀಪಿನಲ್ಲೇ ಅಪ್ಪ ಮಗಳನ್ನು ಮಡಿಕೇರಿಗೆ ಕಳಿಸಿದೆ.